ಫಕೀರಪ್ಪನ ಮಿಣಿ

ಮಳೆಯಲ್ಲಿ ತೊಯ್ದ ನನ್ನ ಚಪ್ಪಲಿಗಳನ್ನು ಹಿತ್ತಲ ಬಾಗಿಲಲ್ಲಿ ಒಣಗಲು ಇಟ್ಟಿದ್ದರು. ನಿನ್ನೆ ಸಂಜೆ ಆ ಹಸಿ ತೊಗಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಚಪ್ಪಲಿಯ ಮೇಲಲ್ಲ, ನಮ್ಮ ಕಾಕಾನ ಮೇಲೆ. ಸತ್ತವರ ಮೇಲೆ ಸಿಟ್ಟು ಮಾಡಬಾರದೆನ್ನುತ್ತಾರೆ. ನಾನು ಮಾಡುತ್ತೇನೆ. ನೀವೂ ಕೇಳಿ, ಆಮೇಲೆ ಬೇಕಾದರೆ ನನ್ನನ್ನು ಬಯ್ಯಿರಿ.

ಸ್ವಾತಂತ್ರ್ಯಕ್ಕೆ ಏಳೆಂಟು ವರ್ಷ ಮುಂಚಿನ ಮಾತು. ಹಾನಗಲ್ಲಿನಿಂದ ನಾನೂ ಕಾಕಾನೂ ಅಮಾವಾಸ್ಯೆಯ ಸಮುದ್ರಸ್ನಾನಕ್ಕೆಂದು ಗೋಕರ್ಣಕ್ಕೆ ಹೊರಟೆವು. ಕಾಕಾ ದೊಡ್ಡ ಪಂಡಿತರು. ನಾನು ಇಪ್ಪತ್ತರ ಹರೆಯದವನು, ಅವರ ಮಾತಿಗೆ ಗೋಣು ಹಾಕುವುದರಲ್ಲಷ್ಟೇ ಪಂಡಿತ. ಗಾಡಿ ತಿಳವಳ್ಳಿಯ ಫಕೀರಪ್ಪನದು. ಊರಲ್ಲಿ ಅವನ ಕೆಲಸ ಕಪಿಲೆ ಹೊಡೆಯುವುದು, ಅಂದರೆ ತೊಗಲಿನ ಉದ್ದನೆಯ ಹಗ್ಗ ಕಟ್ಟಿ ಎತ್ತುಗಳಿಂದ ಬಾವಿಯ ನೀರೆಳೆಸುವುದು. ಆ ಹಗ್ಗಕ್ಕೆ ಮಿಣಿ ಎನ್ನುತ್ತೇವೆ. ಘಟ್ಟದ ಇಳಿಜಾರಿನಲ್ಲಿ ಬೇಕಾದೀತೆಂದು ಅವನು ಅದನ್ನು ತಂದಿದ್ದ. ಕಾಕಾ ಅದನ್ನು ತಮ್ಮ ಮಡಿ ಗಂಟಿನಿಂದ ದೂರ, ಗಾಡಿಯ ಕೆಳಗೆ ಕಟ್ಟಿಸಿದ್ದರು.

ಸಮುದ್ರದಲ್ಲಿ ಕಾಕಾ ಕಣ್ಣು ಮುಚ್ಚಿ ಸಂಕಲ್ಪ ಹೇಳುತ್ತಿದ್ದರು. ನಾನು ಅವರ ಕೈ ಹಿಡಿದಿದ್ದೆ. ಒಂದು ತೆರೆ ಬಂತು, ಕಾಲಡಿಯ ಉಸುಕು ಹೋಯಿತು. ಇಬ್ಬರಿಗೂ ಈಜು ಬರುತ್ತಿರಲಿಲ್ಲ. ದಂಡೆಯ ಮಂದಿ ಬೊಬ್ಬೆ ಹೊಡೆದರೇ ಹೊರತು ಒಬ್ಬರೂ ಇಳಿಯಲಿಲ್ಲ. ಅವತ್ತೇ ಮೊದಲ ಸಲ ಸಮುದ್ರ ಕಂಡ ಫಕೀರಪ್ಪ, ಎತ್ತು ಹೂಡಿ ನಿಂತಿದ್ದ ಗಾಡಿಯ ಅಚ್ಚಿಗೆ ಮಿಣಿಯ ಒಂದು ತುದಿ ಬಿಗಿದು, ಇನ್ನೊಂದನ್ನು ನಡುವಿಗೆ ಸುತ್ತಿಕೊಂಡು ನೀರಿಗೆ ಬಿದ್ದ.

"ಮಿಣಿ ಹಿಡಕೊಳ್ರಿ! ಬಿಡಬ್ಯಾಡ್ರಿ!"

ಹಿಡಿದೆವು. ಅವನು ಎತ್ತುಗಳಿಗೆ ಕಪಿಲೆಯ ಕೂಗು ಹಾಕಿದ. ಆ ಮೂಕ ಜೀವಗಳು ದಿನವೂ ಬಾವಿಯ ನೀರೆಳೆಯುವ ಹಾಗೆಯೇ ನಮ್ಮನ್ನು ದಂಡೆಗೆ ಎಳೆದು ಹಾಕಿದವು.

ನೀರು ಕಾರಿ ಕಣ್ಣು ಬಿಟ್ಟ ಕಾಕಾ ಆಡಿದ ಮೊದಲ ಮಾತು ಕೇಳಿ: "ತೊಗಲು ಮುಟ್ಟಿಸಿದೆಲ್ಲೋ! ಸ್ನಾನ ಎಲ್ಲಾ ಹಾಳಾತು!"

ಫಕೀರಪ್ಪನ ನಡು ಸುಲಿದು ರಕ್ತ ಇಳಿಯುತ್ತಿತ್ತು. "ತಪ್ಪಾತ್ರಿ ಅಪ್ಪಾರ. ನಾರಿನ ಹಗ್ಗ ಹುಡುಕಾಕ ಪುರಸೊತ್ತಿರಲಿಲ್ರಿ," ಎಂದ.

ಜೀವ ಉಳಿಸಿದವನು ತಪ್ಪೊಪ್ಪಿಕೊಂಡ! ಜೀವ ಉಳಿದವರು ಬಾವಿಯ ಕಟ್ಟೆಯಲ್ಲಿ ಮತ್ತೆ ಮೈ ತೊಳೆದು ಪಂಚಗವ್ಯ ಕುಡಿದರು. ಉಳಿದವರು ಎಂದರೆ ನಾನೂ. ಅದನ್ನು ಮುಚ್ಚಿಟ್ಟರೆ ನನ್ನ ಈ ಸಿಟ್ಟು ಬರೀ ಸೋಗು. ಊರಿಗೆ ಬಂದ ಕಾಕಾ, ದೇವರೇ ಕೈ ಹಿಡಿದೆತ್ತಿದನೆಂದು ಮನೆಮನೆಯಲ್ಲೂ ಹೇಳಿದರು. ಯಾತ್ರೆ ಕೆಡಿಸಿದ ಗಾಡಿಯವನೆಂದು ಫಕೀರಪ್ಪನನ್ನು ನಮ್ಮ ಓಣಿಯಲ್ಲಿ ಯಾರೂ ಮತ್ತೆ ಕರೆಯಲಿಲ್ಲ. ನಾನು ತುಟಿ ಬಿಚ್ಚಲಿಲ್ಲ. ಹೋದ ವರ್ಷ ಅವನು ತೀರಿಕೊಂಡನೆಂದು ಯಾರೋ ಹೇಳಿದರು.

ಇವತ್ತು ಬೆಳಿಗ್ಗೆ ಪಿತೃಪಕ್ಷದ ತರ್ಪಣಕ್ಕೆ ಕೂತಿದ್ದೆ. ಹಿರಿಯರ ಹೆಸರುಗಳೆಲ್ಲ ಮುಗಿದವು, ಕಾಕಾನದೂ ಆಯಿತು. ಭಟ್ಟರು ಏಳಲು ಹೊರಟರು.

"ಇನ್ನೊಂದು ಹೆಸರು ಅದ. ಫಕೀರಪ್ಪ," ಎಂದೆ.

"ಯಾರ್ರೀ ಅವರು? ಗೋತ್ರ?"

ಮನೆಮಂದಿಗೆಲ್ಲ ಕೇಳುವ ಹಾಗೆ ಹೇಳಿದೆ:

"ನಂದ ಹಚ್ಚರಿ. ಅಂವಾ ಇರಲಿಲ್ಲಂದ್ರ ಈ ಗೋತ್ರ ಹೇಳಲಿಕ್ಕೆ ನಾನೂ ಇರ್ತಿರಲಿಲ್ಲ."