ಶರಣವ್ವ ತಿಕ್ಕಿದ ಹಿತ್ತಾಳೆಯ ಫಲಕ

ಭಾಂಡುಪಿನ ತಿರುವಿನಲ್ಲಿ, ಆಗ್ರಾ ರಸ್ತೆಯ ಬದಿಯ ಹುಲ್ಲಿನ ಮೇಲೆ, ಮುರಿಗೆಪ್ಪನ ಟ್ಯಾಕ್ಸಿ ಮೂತಿ ಮುರಿದುಕೊಂಡು ಬಿದ್ದು ಮೂರು ದಿನಗಳಾಗಿದ್ದವು. ಎದುರಿನಿಂದ ಬಂದ ಲಾರಿಯೊಂದು ಶ್ರಾವಣದ ಮಳೆಯ ಕೆಸರಿನಲ್ಲಿ ಜಾರಿ ಅದನ್ನು ಅಪ್ಪಳಿಸಿತ್ತು. ಮುರಿಗೆಪ್ಪನ ಹಣೆಯಲ್ಲಿ ಒಂದು ಗಾಯ, ಎಡಗೈಗೆ ಒಂದು ಪಟ್ಟಿ. ಅದಕ್ಕಿಂತ ಹೆಚ್ಚಿನ ಕೇಡನ್ನು ಶಿವನು ಅವನಿಗೆ ಬಗೆದಿರಲಿಲ್ಲ. ವಿಮಾ ಕಂಪನಿಯ ಸರ್ವೇಯರನು ಕೊಡೆ ಹಿಡಿದು ಗಾಡಿಯನ್ನು ಎರಡು ಸುತ್ತು ಸುತ್ತಿದನು. ಕಾಗದದ ಮೇಲೆ ಏನನ್ನೋ ಗೀಚಿ, "ಟೋಟಲ್ ಲಾಸ್," ಎಂದನು. ಗಾಡಿ ಸತ್ತಿತೆಂಬುದಕ್ಕೆ ಕಂಪನಿಯ ಭಾಷೆಯಲ್ಲಿ ಅಷ್ಟೇ ಮಾತು. ಇಂಥ ಗಾಡಿಗೆ ಕಂಪನಿಯು ಬೆಲೆಯನ್ನು ಕಟ್ಟಿಕೊಟ್ಟು, ಕಳೇಬರವನ್ನು ಕುರ್ಲಾದ ಗುಜರಿಯವರಿಗೆ ಮಾರಿಕೊಳ್ಳುವುದು ಪದ್ಧತಿ.

"ಗಾಡೀ ಹಮ್ ರಖೇಗಾ, ಸಾಬ್," ಎಂದು ಮುರಿಗೆಪ್ಪ ಗಾಡಿಯನ್ನು ತಾನೇ ಉಳಿಸಿಕೊಳ್ಳುವುದಾಗಿ ಹೇಳಿದನು.

ಸರ್ವೇಯರನು ಕೊಡೆಯನ್ನು ಓರೆಮಾಡಿ ಅವನ ಮುಖವನ್ನು ನೋಡಿದನು. "ಕಬಾಡಾ ರಖ್ಕೇ ಕ್ಯಾ ಕರೇಗಾ? ನಯೀ ಗಾಡೀ ಲೇ ಲೋ."

ಗುಜರಿಯನ್ನು ಬಿಟ್ಟು ಹೊಸದನ್ನು ಕೊಳ್ಳೆಂಬ ಆ ಮಾತಿಗೆ ಮುರಿಗೆಪ್ಪ ಗಾಡಿಯತ್ತ ತಿರುಗಿದನು. ಬಾಯಿ ತೆರೆದುಕೊಂಡಿದ್ದ ಬಾನೆಟ್ಟಿನೊಳಗೆ ಎಲ್ಲವೂ ಹಿಸುಕಿಹೋಗಿತ್ತು. ರೇಡಿಯೇಟರು ಎಂಜಿನ್ನಿಗೆ ಒತ್ತಿಕೊಂಡಿತ್ತು, ಫ್ಯಾನಿನ ರೆಕ್ಕೆಗಳು ಮುರುಟಿದ್ದವು. ಆದರೆ ಅವುಗಳ ಹಿಂದಿನ ತಗಡಿನ ಗೋಡೆಯ ಮೇಲೆ, ನಾಲ್ಕು ತಿರುಪುಗಳ ನಡುವೆ, ಅಂಗೈಯಗಲದ ಹಿತ್ತಾಳೆಯ ಫಲಕವೊಂದು ಎಳ್ಳಷ್ಟೂ ನೋಯದೆ ಉಳಿದಿತ್ತು. ಅವನು ಮೂರು ದಿನಗಳಿಂದ ನೋಡುತ್ತಿದ್ದುದು ಅದನ್ನೊಂದೇ.

ಮುರಿಗೆಪ್ಪ ವಿಜಾಪುರ ಜಿಲ್ಲೆಯ ಇಂಡಿ ತಾಲೂಕಿನವನು. ಇಪ್ಪತ್ತರ ಹರೆಯದಲ್ಲಿ ಮುಂಬಯಿಗೆ ಬಂದು, ಸಯನ್ನಿನ ಒಬ್ಬ ಪಾರ್ಸಿ ವೈದ್ಯೆಯ ಮನೆಯಲ್ಲಿ ಮೊದಲು ಗೇಟು ಕಾಯ್ದು, ಆಮೇಲೆ ಆಕೆಯ ಆಸ್ಟಿನ್ ಕಾರನ್ನು ನಡೆಸುವುದನ್ನು ಕಲಿತನು. ಬಂಗಲೆಯ ಹಿತ್ತಲಿನ ಗ್ಯಾರೇಜಿಗೆ ಅಂಟಿದ ಕೋಣೆಯೇ ಅವನ ಮನೆ. ಸಾವಿರದ ಒಂಬೈನೂರ ನಾಲ್ವತ್ತೊಂದರಲ್ಲಿ ಮದುವೆಯಾಗಿ ಶರಣವ್ವನನ್ನು ಆ ಕೋಣೆಗೆ ಕರೆತಂದನು.

ಶರಣವ್ವನಿಗೆ ಓದು ಬರುತ್ತಿರಲಿಲ್ಲ. ಹಿಂದಿಯಾಗಲಿ ಮರಾಠಿಯಾಗಲಿ ಕೊನೆಯವರೆಗೂ ನಾಲಗೆಗೆ ಹತ್ತಲಿಲ್ಲ. ಆಕೆಗೆ ಒಲಿದದ್ದು ಹಿತ್ತಾಳೆಯೊಂದೇ. ಪ್ರತಿ ಸೋಮವಾರ ನಸುಕಿನಲ್ಲಿ ಪೂಜೆಯ ದೀಪದ ಸಮೆ, ಗಂಟೆ, ಆರತಿ ತಟ್ಟೆ, ವಿಭೂತಿಯ ಬಟ್ಟಲುಗಳನ್ನು ಹುಣಸೆಹಣ್ಣು ಬೂದಿಗಳಿಂದ ಉಜ್ಜಿ ತೊಳೆದು ಬಿಸಿಲಿಗೆ ಒಡ್ಡುವಳು. ಮದುವೆಯಾದ ಮೊದಲ ಮಹಾನವಮಿಯಂದು ಗಾಡಿಯ ಪೂಜೆಗಾಗಿ ಮುರಿಗೆಪ್ಪ ಬಾನೆಟ್ಟನ್ನು ಎತ್ತಿದಾಗ ಆ ಫಲಕ ಆಕೆಯ ಕಣ್ಣಿಗೆ ಬಿತ್ತು. "ಅಯ್ಯ, ದೇವರ ಮುಖಕ್ಕ ಹಿಂಗ ಕಿಲುಬು ಹಿಡದೈತಲ್ರೀ!" ಎಂದು ಒಳಗೆ ಓಡಿ, ಹುಣಸೆಯ ಹಿಂಡಿಯನ್ನು ತಂದಳು. ಅಂದಿನಿಂದ ಸೋಮವಾರದ ಪಾತ್ರೆಗಳ ಸಾಲಿನಲ್ಲಿ ಅದಕ್ಕೂ ಒಂದು ಸ್ಥಾನ ದೊರೆಯಿತು.

ಅದು ದೇವರ ಮುಖವಲ್ಲ, ಗಾಡಿಯ ಸಂಖ್ಯೆಯನ್ನು ಕೊರೆದ ಪಟ್ಟಿಯೆಂಬುದನ್ನು ಮುರಿಗೆಪ್ಪ ಬಲ್ಲನು. ವಿಲಾಯತಿಯ ಕಾರ್ಖಾನೆಯಲ್ಲಿ ತೆಳುವಾಗಿ ಕೊರೆದ ಅಂಕಿಗಳು ವರ್ಷದಿಂದ ವರ್ಷಕ್ಕೆ ಸವೆಯುತ್ತ ಬಂದುದನ್ನೂ ಕಂಡನು. ಮೊದಲು ಏಳರ ಅಂಕಿ ಹೋಯಿತು. ಅದರ ಹಿಂದೆಯೇ ಒಂದರ ಅಂಕಿ. ಹೇಳಬೇಕೆಂದು ಎರಡು ಮೂರು ಬಾರಿ ಬಾಯಿ ತೆರೆದದ್ದುಂಟು. ಆದರೆ ಮಕ್ಕಳಿಲ್ಲದ ಆ ಹೆಣ್ಣುಮಗಳು ಬಾನೆಟ್ಟಿನೊಳಗೆ ಅರ್ಧ ಮೈ ಬಗ್ಗಿಸಿ, ಮಗುವಿನ ಕೆನ್ನೆ ಒರೆಸುವಂತೆ ಸೆರಗಿನಿಂದ ಅದನ್ನು ಒರೆಸಿ, "ಈಗ ನೋಡ್ರಿ, ನಗಾಕ ಹತ್ತೇತಿ," ಎನ್ನುವಾಗ ಅವನು ಬಾನೆಟ್ಟನ್ನು ಇನ್ನಷ್ಟು ಎತ್ತಿ ಹಿಡಿಯುತ್ತಿದ್ದನು. ತಪ್ಪು, ಓದಲಾರದವಳದ್ದಲ್ಲ, ಓದಬಲ್ಲವನದ್ದು.

ವೈದ್ಯೆಯು ವೃತ್ತಿಯನ್ನು ಬಿಟ್ಟು ನವಸಾರಿಗೆ ಹೊರಟಾಗ ಕೋಣೆಯಲ್ಲಿ ಇರಲು ಅಪ್ಪಣೆಯನ್ನೂ ಗಾಡಿಯನ್ನೂ ಅವನಿಗೆ ಕೊಟ್ಟಳು. ವಿಮೆಯನ್ನು ಎಂದಿಗೂ ತಪ್ಪಿಸಬೇಡವೆಂದು ಬುದ್ಧಿ ಹೇಳಿದಳು. ಗಾಡಿ ಹಳದಿ ಟೊಪ್ಪಿಗೆಯ ಟ್ಯಾಕ್ಸಿಯಾಯಿತು. ವರ್ಷಕ್ಕೊಮ್ಮೆ ಬಂದ ತಪಾಸಣೆಗಾರರು ಬ್ರೇಕನ್ನು ತುಳಿದರು, ದೀಪವನ್ನು ಹಚ್ಚಿದರು, ಮೀಟರನ್ನು ತಿರುವಿದರು. ಓಡುವ ಗಾಡಿಯ ಹೆಸರನ್ನು ಒಬ್ಬರೂ ಕೇಳಲಿಲ್ಲ.

ಐವತ್ತೆರಡರ ಮಾಘದಲ್ಲಿ ಶರಣವ್ವ ಜ್ವರದಿಂದ ಆಸ್ಪತ್ರೆ ಸೇರಿದವಳು ಹಿಂದಿರುಗಲಿಲ್ಲ. ರೇಶನ್ ಕಚೇರಿಯ ಗುಮಾಸ್ತನು ಆಕೆಯ ಹೆಸರಿನ ಮೇಲೆ ಕೆಂಪು ಗೆರೆಯನ್ನೆಳೆದು ಚೀಟಿಯನ್ನು ಹಿಂದಕ್ಕೆ ಕೊಟ್ಟನು. ಆಕೆಯ ಎರಡು ಸೀರೆಗಳನ್ನು ತಂಗಿಯರು ಒಯ್ದರು, ಚಿತ್ರಪಟವೊಂದನ್ನೂ ತೆಗೆಸಿರಲಿಲ್ಲ. ಮುರಿಗೆಪ್ಪ ಪೂಜೆಯ ಪಾತ್ರೆಗಳನ್ನು ತಾನೇ ತೊಳೆಯತೊಡಗಿದನು. ಆದರೆ ಫಲಕವನ್ನು ಮುಟ್ಟಲಿಲ್ಲ. ಬಾನೆಟ್ಟನ್ನು ಎತ್ತಿದಾಗಲೆಲ್ಲ ಸವೆದು ನುಣುಪಾದ ಆ ಹಿತ್ತಾಳೆಯ ನಡುವಿನ ತಗ್ಗಿನಲ್ಲಿ ಆಕೆಯ ಹೆಬ್ಬೆರಳಿನ ಗಾತ್ರವನ್ನು ಕಾಣುತ್ತಿದ್ದನು. ಈ ಲೋಕದಲ್ಲಿ ಆಕೆ ಬಿಟ್ಟುಹೋದ ಗುರುತು ಅದೊಂದೇ ಆಗಿತ್ತು.

ಗುಜರಿಯ ಬೆಲೆಯನ್ನು ಮುರಿದುಕೊಂಡು ಕಂಪನಿಯು ಉಳಿದುದನ್ನು ಕೊಟ್ಟಿತು. ನೋಂದಣಿಯ ಪುಸ್ತಕವನ್ನು ಸಾರಿಗೆ ಕಚೇರಿಗೆ ಒಪ್ಪಿಸಬೇಕಾಯಿತು. ಅಲ್ಲಿಯ ಗುಮಾಸ್ತನೂ ಪುಟದ ಅಡ್ಡಕ್ಕೆ ಒಂದು ಕೆಂಪು ಗೆರೆಯನ್ನೆಳೆದನು.

ಸಯನ್ನಿನ ರೈಲುಹಳಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಉಡುಪಿಯ ಕಡೆಯ ಪೂವಪ್ಪನೆಂಬ ಮೇಸ್ತ್ರಿಯು ಗಾಡಿಯ ರಿಪೇರಿಯನ್ನು ಕೈಗೆತ್ತಿಕೊಂಡನು. ಏಳು ತಿಂಗಳು ಹಿಡಿಯಿತು. ಬಾಡಿಗೆಯ ಗಾಡಿಯಲ್ಲಿ ಹಗಲೆಲ್ಲ ದುಡಿದು ಮುರಿಗೆಪ್ಪ ಸಂಜೆಗೆ ಶೆಡ್ಡಿಗೆ ಬರುವನು. ಒಂದು ಡಬ್ಬದ ಮೇಲೆ ಕೂರುವನು.

"ಎಂಥ ಮಾರಾಯ್ರೆ, ಹುಡುಗಿ ನೋಡ್ಲಿಕ್ಕೆ ಬಂದವರ ಹಾಗೆ ದಿನಾ ಬಂದು ಕೂರ್ತೀರಲ್ಲ!" ಎಂದು ಪೂವಪ್ಪ ಚುಚ್ಚುವನು. "ಈ ಅಜ್ಜಿಗೆ ಹಾಕಿದ ತಗಡಿನಲ್ಲಿ ಹೊಸ ಗಾಡಿಯೇ ಆಗ್ತಿತ್ತು."

"ಹೊಸಾದು ನನಗ್ಯಾಕಪಾ," ಎನ್ನುವನು ಮುರಿಗೆಪ್ಪ.

ಫಾಲ್ಗುಣದಲ್ಲಿ ಎಂಜಿನ್ನು ಕೆಮ್ಮಿ, ಸೀನಿ, ಕಡೆಗೆ ಉಸಿರಾಡಿತು. ಬಾನೆಟ್ಟನ್ನು ಮುಚ್ಚುವ ಮುನ್ನ ಪೂವಪ್ಪ ಚಿಮಣಿ ದೀಪವನ್ನು ಹತ್ತಿರ ಹಿಡಿದು ಫಲಕವನ್ನು ನೋಡಿದನು.

"ಇದೆಂಥದು? ನಂಬರೇ ಇಲ್ಲ! ಇನ್ಸ್‌ಪೆಕ್ಟರು ಮೊದಲು ಕೇಳುವುದೇ ಇದನ್ನು. ನನ್ನ ಹತ್ರ ಪಂಚು ಉಂಟು. ಕಾಗದದಲ್ಲಿದ್ದ ನಂಬರು ಕೊಡಿ, ಎರಡು ನಿಮಿಷದಲ್ಲಿ ಹೊಡೆದುಬಿಡುವ."

"ಬ್ಯಾಡ."

"ಸುಳ್ಳು ನಂಬರಲ್ಲ ಮಾರಾಯ್ರೆ, ನಿಮ್ಮದೇ!"

"ನಮ್ಮದಾದ್ರೂ ಕದ್ದು ಹೊಡ್ಯಾದು ಬ್ಯಾಡ," ಎಂದನು ಮುರಿಗೆಪ್ಪ. "ಆಕಿ ಕದ್ದು ತಿಕ್ಕಿಲ್ಲ."

ಪೂವಪ್ಪನಿಗೆ ಇದರ ತಲೆಬುಡ ತಿಳಿಯಲಿಲ್ಲ. ಮರುದಿನ ಇಬ್ಬರೂ ಗಾಡಿಯನ್ನು ಹೊಸ ನೋಂದಣಿಗಾಗಿ ಸಾರಿಗೆ ಕಚೇರಿಯ ಅಂಗಳಕ್ಕೆ ಎಳೆಸಿಕೊಂಡು ಹೋದರು. ಹೆಸರಿಲ್ಲದ ಗಾಡಿ ತಾನಾಗಿ ರಸ್ತೆಯ ಮೇಲೆ ಓಡುವಂತಿರಲಿಲ್ಲ.

ಇನ್ಸ್‌ಪೆಕ್ಟರನು ಬೆಳಗಾವಿಯವನು, ಖಾಕಿ ಟೊಪ್ಪಿಗೆಯ, ಎಲೆಯಡಿಕೆ ತುಂಬಿದ ಬಾಯಿಯ ಮನುಷ್ಯ. ಬ್ರೇಕು, ಚಕ್ರ, ಬೆಸುಗೆಗಳನ್ನು ನೋಡಿ ತಲೆದೂಗಿದನು. ಬಾನೆಟ್ಟನ್ನು ಎತ್ತಿಸಿ ಫಲಕವನ್ನು ನೋಡಿದ ಕೂಡಲೆ ಅವನ ಮುಖದ ಬಣ್ಣ ಬದಲಾಯಿತು.

"ಕಾಯ್ ಹೋ, ನಂಬರ ಎಲ್ಲೈತಿ? ಕಳುವಿನ ಗಾಡೀಗೆ ಹಿಂಗ ಅರಾ ಹಾಕಿ ಉಜ್ಜತಾರ. ಎಲ್ಲಿಂದ ತಂದಿ?"

"ಕಳುವಿನದಲ್ರೀ ಸಾಹೇಬ್ರ. ಅದು... ನಮ್ಮ ಮನೀಯಾಕಿ ತಿಕ್ಕ್ಯಾಳ್ರೀ."

"ಏನ ತಿಕ್ಕ್ಯಾಳ?"

"ಹುಣಸಿಹಣ್ಣು, ಬೂದಿ. ಸೋಮವಾರಕ್ಕೊಮ್ಮೆ. ಹನ್ನೊಂದು ವರ್ಷ."

ಅಂಗಳದಲ್ಲಿ ಸರದಿ ಕಾಯುತ್ತಿದ್ದ ಡ್ರೈವರುಗಳು ಘೊಳ್ಳೆಂದು ನಕ್ಕರು. ಇನ್ಸ್‌ಪೆಕ್ಟರನೂ ನಕ್ಕನು. "ಅರೇ, ಗಾಡಿ ಐತೋ ತಂಬಿಗಿ ಐತೋ ಇದು? ಕರಕೊಂಬಾ ನಿನ್ನ ಹೇಣ್ತೀನ್ನ. ಆಕೀನ ಬಂದು ಸಾಕ್ಷಿ ಹೇಳಲಿ."

ಮುರಿಗೆಪ್ಪ ತಲೆ ತಗ್ಗಿಸಿದನು. "ಆಕಿ ಇಲ್ರೀ. ತೀರಿಕೊಂಡು ನಾಕ ವರ್ಷಾತು."

ನಗೆ ನಿಂತಿತು. ಇನ್ಸ್‌ಪೆಕ್ಟರನು ಟೊಪ್ಪಿಗೆಯನ್ನು ತೆಗೆದು ಬಾನೆಟ್ಟಿನ ಮೇಲಿಟ್ಟನು. ಬಗ್ಗಿ, ಫಲಕದ ಮೇಲೆ ಬೆರಳನ್ನಾಡಿಸಿದನು. ಅರದಿಂದ ಉಜ್ಜಿದ ಲೋಹದಲ್ಲಿ ಗೀರುಗಳಿರುತ್ತವೆ. ಇಲ್ಲಿ ಒಂದೂ ಇರಲಿಲ್ಲ. ಅಂಚು ದಪ್ಪ, ನಡುವು ತೆಳು. ಒಂದು ಗೋಣಿಯನ್ನು ಹಾಸಿ ಗಾಡಿಯ ಕೆಳಗೆ ನುಸುಳಿದನು. ಒಳಗಿನಿಂದ ತಗಡನ್ನು ಕೆರೆಯುವ ಸದ್ದು ಬಹಳ ಹೊತ್ತು ಕೇಳಿಸಿತು. ಶರಣವ್ವನ ಕೈ ಎಂದೂ ತಲುಪದ ಕಡೆ, ಗಾಡಿಯ ಚೌಕಟ್ಟಿನ ಬಲಬದಿಯ ತೊಲೆಯ ಮೇಲೆ, ಹದಿನೆಂಟು ಮಳೆಗಾಲಗಳ ಕೆಸರು ಗ್ರೀಸುಗಳು ಕಾರ್ಖಾನೆಯವರು ಕೊರೆದಿದ್ದ ಅದೇ ಅಂಕಿಗಳನ್ನು ಕಾಪಾಡಿಕೊಂಡು ಬಂದಿದ್ದವು. ಇನ್ಸ್‌ಪೆಕ್ಟರನು ಒಂದೊಂದಾಗಿ ಕೂಗಿ ಹೇಳಿದನು. ಗುಮಾಸ್ತನು ರದ್ದಾದ ಪುಟಕ್ಕೆ ಹಿಡಿದು ನೋಡಿದನು. ಏಳೂ ಇತ್ತು, ಒಂದೂ ಇತ್ತು. ಎಲ್ಲವೂ ಕೂಡಿಬಂದಿತು.

"ಗಾಡಿ ನಿನ್ನದಽ ಐತಿ," ಎಂದು ಇನ್ಸ್‌ಪೆಕ್ಟರನು ಬಟ್ಟೆಯನ್ನು ಕೊಡವುತ್ತ ಎದ್ದನು. "ಖರೆ, ಪಟ್ಟಿ ಖಾಲಿ ಇರೂಹಂಗಿಲ್ಲ. ಕಾಯದೆ. ಇದರ ಮ್ಯಾಲ ನಂಬರ ಹೊಡಸು, ಇಲ್ಲಾ ಇದನ್ನ ಬಿಚ್ಚಿ ಮನೀಗೆ ಒಯ್ದು ಬ್ಯಾರೆ ಪಟ್ಟಿ ಹಚ್ಚು. ಏನ ಮಾಡ್ತಿ?"

ಪೂವಪ್ಪ ಮೆಲ್ಲಗೆ ಹೇಳಿದನು: "ಬಿಚ್ಚುವ ಮಾರಾಯ್ರೆ. ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಿ."

ಮುರಿಗೆಪ್ಪನಿಗೆ ತನ್ನ ಕೋಣೆ ನೆನಪಾಯಿತು; ಆ ಫಲಕವನ್ನು ಇಡಬಹುದಾದ ಗೂಡು, ಗೂಡಿನ ಮುಂದೆ ತಾನೊಬ್ಬನೇ ಕುಳಿತಿರುವ ಸಂಜೆಗಳು. ತಿರುಪಿನ ಮೇಲೆ ಕೈಯಿಟ್ಟವನು ಹಿಂದಕ್ಕೆ ತೆಗೆದುಕೊಂಡನು.

"ಮನ್ಯಾಗಿಟ್ರ ಅದು ಬರೇ ಹಿತ್ತಾಳಿ ಆಕ್ಕೈತಿ. ಆಕಿ ತಿಕ್ಕಿದ್ದು ಗಾಡೀ ದೇವರಂತ. ಹೊಡೀರಿ ಪೂವಪ್ಪ."

ಇನ್ಸ್‌ಪೆಕ್ಟರನ ಎದುರಿನಲ್ಲಿಯೇ ಪೂವಪ್ಪ ಪಂಚುಗಳನ್ನು ಸಾಲಾಗಿ ಜೋಡಿಸಿದನು. ಆರು ಅಂಕಿಗಳು, ಆರು ಪೆಟ್ಟುಗಳು. ತೆಳುವಾದ ಹಿತ್ತಾಳೆ ಹರಿದೀತೆಂದು ಅವನು ಹಗುರವಾಗಿ ಹೊಡೆಯುತ್ತಿದ್ದನು. ಆದರೂ ಪ್ರತಿ ಪೆಟ್ಟಿಗೂ ಮುರಿಗೆಪ್ಪನ ರೆಪ್ಪೆಗಳು ಮುಚ್ಚಿಕೊಳ್ಳುತ್ತಿದ್ದವು. ಮಧ್ಯಾಹ್ನ ಹೊಸ ಪುಸ್ತಕ ಕೈಗೆ ಬಂದಿತು. ಗಾಡಿ ತನ್ನ ಬಲದಿಂದಲೇ ಸಯನ್ನಿಗೆ ಹಿಂದಿರುಗಿತು.

ಮುಂದಿನ ಸೋಮವಾರ ಪೂವಪ್ಪನು ಬ್ಯಾಟರಿಯ ತಂತಿಯನ್ನು ಬಿಗಿಮಾಡಲೆಂದು ಬಂಗಲೆಯ ಹಿತ್ತಲಿಗೆ ಬಂದಾಗ ಇನ್ನೂ ಬಿಸಿಲೇರಿರಲಿಲ್ಲ. ಸಮೆ, ಗಂಟೆ, ಬಟ್ಟಲುಗಳು ಕಟ್ಟೆಯ ಮೇಲೆ ಒಣಗುತ್ತಿದ್ದವು. ಮುರಿಗೆಪ್ಪ ಬಾನೆಟ್ಟಿನೊಳಗೆ ಬಾಗಿ, ಬೂದಿ ಹತ್ತಿದ ಹೆಬ್ಬೆರಳಿನಿಂದ ಫಲಕವನ್ನು ಉಜ್ಜುತ್ತಿದ್ದನು.

"ಅಯ್ಯೋ ದೇವರೇ! ಪುನಃ ಅಳಿಸಿಬಿಡ್ತೀರಾ?"

"ಇದು ಅಳೀಬೇಕಂದ್ರ ಹನ್ನೊಂದು ವರ್ಷ ಬೇಕು," ಎಂದನು ಮುರಿಗೆಪ್ಪ, ತಲೆಯೆತ್ತದೆ. "ಅಲ್ಲೀತನಕ ನನಗೂ ಸೋಮವಾರ ಒಂದು ಕೆಲಸ ಆತು."

ಪೂವಪ್ಪ ತಿರುಪು ಬಿಗಿಯುವ ಪಾನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕಟ್ಟೆಯ ಅಂಚಿನಲ್ಲಿ ಕುಳಿತನು. ಉಜ್ಜುವುದು ಮುಗಿದ ಮೇಲೆ ಮುರಿಗೆಪ್ಪ ಒರೆಸಲು ಬಟ್ಟೆಗಾಗಿ ಸುತ್ತ ನೋಡಿದನು. ಕಾಣದೆ, ಹೆಗಲ ಮೇಲಿನ ವಸ್ತ್ರದ ತುದಿಯಿಂದ ಮೆಲ್ಲಗೆ ಒರೆಸಿದನು.