ಒಂದೇ ಅಳತೆಯ ಉಂಡಿ

ನಾಗರಪಂಚಮಿಗೆ ವೈನಿ ಕಳಿಸಿದ ಉಂಡಿ ಡಬ್ಬಿ ಮೇಜಿನ ಮೇಲಿದೆ. ಮುಚ್ಚಳ ತೆಗೆದದ್ದೇ ತಡ, ಹುರಿದ ಎಳ್ಳಿನ ವಾಸನೆ ಮನೆಯೆಲ್ಲ ತುಂಬಿತು. ಎರಡು ಉಂಡಿ ಎತ್ತಿ ಪಕ್ಕಪಕ್ಕ ಹಿಡಿದು ನೋಡಿದೆ. ಮೂರನೆಯದನ್ನೂ ನೋಡಿದೆ. ಎಲ್ಲ ಒಂದೇ ಅಳತೆ! ತಿನ್ನುವುದು ಹಾಗಿರಲಿ, ನನಗೆ ಸಂಶಯ ಶುರುವಾಯಿತು.

ನಗಬೇಡಿ. ಕುಟುಂಬದ ಕಥೆ ಬರೆಯುವವನಿಗೆ ಸಂಶಯವಿಲ್ಲದೆ ನಡೆಯುವುದಿಲ್ಲ. ಇಬ್ಬರು ಮಾತಾಡುತ್ತಿದ್ದವರು ನಾನು ಒಳಗೆ ಬಂದ ಕೂಡಲೇ ಸುಮ್ಮನಾದರೆ ಸಾಕು, ತಲೆಯಲ್ಲಿ ಎರಡು ಪುಟ ಸಿದ್ಧ. ಎಷ್ಟೋ ಸಲ ಅವರು ಮಾತಾಡಿದ್ದು ಗ್ಯಾಸ್ ಸಿಲಿಂಡರಿನ ಬಗ್ಗೆ ಇರುತ್ತಿತ್ತು, ಆ ಮಾತು ಬೇರೆ.

ಹಲವು ವರ್ಷಗಳ ಹಿಂದೆ ನಾವೆಲ್ಲ ಗೋವಾದಲ್ಲಿ, ಫಾತೋರ್ಡಾದ ಒಂದೇ ಫ್ಲ್ಯಾಟಿನಲ್ಲಿದ್ದೆವು. ಅವ್ವ, ಅಣ್ಣ, ಅಣ್ಣನ ಹೆಂಡತಿ ವೈನಿ, ಇನ್ನೂ ಮದುವೆಯಾಗದ ನಾನು. ವೆರ್ಣಾಕ್ಕೆ ಹೋಗುವ ಕಂಪನಿ ಬಸ್ಸಿನಲ್ಲಿ ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಕಥೆ ಬರೆಯುತ್ತಿದ್ದೆ. ನನ್ನ ಅಕ್ಷರ ಇಂದಿಗೂ ಕುಣಿಯುವುದು ಅದಕ್ಕೇ. ಪ್ರತಿ ಪಂಚಮಿಗೆ ವೈನಿ ಧಾರವಾಡದ ತವರಿಗೆ ಹೋಗಿ, ಬರುವಾಗ ಉಂಡಿ ತರುತ್ತಿದ್ದರು.

"ನಮ್ಮ ಅಣ್ಣನ ಹೆಂಡ್ತಿ ಕಟ್ಯಾಳ್ರಿ" ಎಂದು ಅವ್ವನ ಮುಂದೆ ಡಬ್ಬಿ ಇಡುತ್ತಿದ್ದರು. ಅವ್ವ ಒಂದನ್ನು ಬೆರಳಲ್ಲಿ ತಿರುಗಿಸಿ ನೋಡಿ, "ಭಾಳ ಚಲೋ ಆಗ್ಯಾವು" ಎನ್ನುತ್ತಿದ್ದಳು.

ಒಂದು ವರ್ಷ ದೀಪಾವಳಿ ವಿಶೇಷಾಂಕಕ್ಕೆ ಕಥೆ ಬರೆದೆ. ಅದರಲ್ಲೊಬ್ಬ ಸೊಸೆ. ಪಂಚಮಿಗೆ ತವರಿನವರು ಅವಳನ್ನು ಕರೆಯುವುದೇ ಇಲ್ಲ. ಅವಳು ಗೆಳತಿಯ ಮನೆಯಲ್ಲಿದ್ದು, ಅಂಗಡಿಯ ಉಂಡಿಯನ್ನು ಹಳೆಯ ಡಬ್ಬಿಗೆ ತುಂಬಿಕೊಂಡು ಗಂಡನ ಮನೆಗೆ ಮರಳುತ್ತಾಳೆ. ಎಂಥ ಕಲ್ಪನೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಅಂಕ ಬಂದ ಮರುದಿನ ವೈನಿ ಬಾಲ್ಕನಿಯಲ್ಲಿ ನನ್ನನ್ನು ತಡೆದರು. ಕೈಯಲ್ಲಿ ಅದೇ ಅಂಕ.

"ಖರೇ ಹೇಳ್ರಿ. ಯಾರು ಹೇಳಿದ್ರು ನಿಮಗ?"

"ಯಾರೂ ಇಲ್ರಿ ವೈನಿ. ಕಟ್ಟಿದ ಕಥಿ ಅದು."

"ಸುಳ್ಳ ಹೇಳಬ್ಯಾಡ್ರಿ. ಅಪ್ಪ ಹೋದ ಮ್ಯಾಲೆ ನಮ್ಮ ಅಣ್ಣ ನನಗ ಬಾಗಲಾ ತಗದಿಲ್ಲ. ಇದು ಅತ್ಯಾರಿಗೆ ಗೊತ್ತಾದ್ರ ಈ ಮನ್ಯಾಗ ನಾ ಹೆಂಗ ತಲಿ ಎತ್ಲಿ?"

ಪಂಚಮಿಗೆ ಅಣ್ಣ ಕರೆಯದ ಹೆಣ್ಣನ್ನು ನಮ್ಮ ಕಡೆ ನೋಡುವ ರೀತಿಯೇ ಬೇರೆ. ಆಮೇಲೆ ಕೂತು ಯೋಚಿಸಿದಾಗ ಹೊಳೆಯಿತು. ಮನೆಯಲ್ಲಿ ಕಟ್ಟಿದ ಉಂಡಿ ಒಂದು ದೊಡ್ಡದು, ಒಂದು ಸಣ್ಣದು, ಮೈಮೇಲೆ ಬೆರಳಿನ ಗುರುತು. ವೈನಿ ತರುತ್ತಿದ್ದವು ಗೋಲಿಗಳ ಹಾಗೆ ಒಂದೇ ಸಮ. ಕಣ್ಣು ಅದನ್ನು ನೋಡಿತ್ತು. ನನಗೆ ಹೇಳದೆ ಕಥೆಗೆ ಹೇಳಿಬಿಟ್ಟಿತ್ತು.

ಅಲ್ಲಿಂದ ಮನೆಯಲ್ಲಿ ಸಂಶಯದ್ದೇ ಸಂಸಾರ. ವೈನಿಗೆ ನನ್ನ ಮೇಲೆ, ನನಗೆ ಅವ್ವನ ಮೇಲೆ. ಅವ್ವ ಕನ್ನಡಕ ಹಾಕಿಕೊಂಡು ಕಥೆಯನ್ನು ಎರಡು ಸಲ ಓದಿದ್ದಳು. ನಾನು ಬಂದರೆ ವೈನಿ ಫೋನು ಇಟ್ಟುಬಿಡುತ್ತಿದ್ದರು. ಊಟಕ್ಕೆ ಕೂತಾಗ "ಇನ್ನಷ್ಟು ಹಾಕ್ಲ್ಯಾ?" ಎಂದು ಕೇಳುವುದೂ ನಿಂತಿತು. ಆ ಒಂದು ಮಾತಿಲ್ಲದೆ ನನಗೆ ಅನ್ನ ಸೇರುತ್ತಿರಲಿಲ್ಲ.

ಮತ್ತೆ ಪಂಚಮಿ ಬಂತು. ವೈನಿ ಚೀಲ ತುಂಬುತ್ತಿದ್ದರು. ಅವ್ವ ಬಾಗಿಲಲ್ಲಿ ಬಂದು ನಿಂತಳು.

"ಈ ಸಲ ಹೋಗಬ್ಯಾಡವಾ. ಉಂಡಿ ಇಬ್ರೂ ಕೂಡಿ ಇಲ್ಲೇ ಕಟ್ಟೂಣು."

ವೈನಿ ನನ್ನತ್ತ ಉರಿಗಣ್ಣು ಬಿಟ್ಟರು. "ಆ ಕಥಿ ಓದಿ ಹೇಳಾಕತ್ತೀರೇನ್ರಿ ಅತ್ಯಾರ?"

"ಕಥಿ ಯಾಕ ಬೇಕು? ನಾನೂ ಧಾರವಾಡದಾಕಿನ. ಆ ಅಂಗಡಿ ಉಂಡಿ ಸಣ್ಣಾಕಿದ್ದಾಗಿಂದ ತಿಂದೇನಿ. ನೀ ತಂದ ಮೊದಲ್ನೇ ವರ್ಷನ ಗೊತ್ತಾತು."

ವೈನಿ ಚೀಲವನ್ನು ತಬ್ಬಿಕೊಂಡು ನೆಲಕ್ಕೆ ಕೂತು ಅತ್ತರು. ಅವ್ವ ಎಳ್ಳು ಹುರಿಯಲು ಹೋದಳು.

ಈಗ ಅವ್ವ ಇಲ್ಲ, ನನ್ನ ಮನೆ ಬೇರೆ. ಪ್ರತಿ ವರ್ಷ ವೈನಿ ಕಳಿಸುವ ಉಂಡಿ ಒಂದು ದೊಡ್ಡದು, ಒಂದು ಸಣ್ಣದು. ಇವತ್ತಿನವು ಮಾತ್ರ ಹೀಗೆ. ವೈನಿ ಮತ್ತೆ ಏನನ್ನೋ ಮುಚ್ಚಿಡುತ್ತಿದ್ದಾರೆಯೇ? ತಡೆಯಲಾರದೆ ಫೋನು ಮಾಡಿದೆ.

"ವೈನಿ, ಈ ಉಂಡಿ..."

"ಅಂಗಡ್ಯಾವ್ರಿ!" ಎಂದು ಜೋರಾಗಿ ನಕ್ಕರು. "ಕೈ ನೋಯಾಕತ್ತಾವು, ತರಿಸಿದೆ. ನೀವು ಅಳತಿ ಮಾಡಿ ನೋಡ್ತೀರಂತ ಗೊತ್ತಿತ್ತು. ಸುಮ್ಮನ ತಿನ್ರಿ."

ಅಂಗಡಿಯವು ಎಂದು ಅವರ ಬಾಯಿಂದ ಕೇಳಿದ್ದು ಇದೇ ಮೊದಲು. ಒಂದನ್ನು ಬೆರಳಲ್ಲಿ ತಿರುಗಿಸಿ ನೋಡಿ ಬಾಯಿಗೆ ಹಾಕಿಕೊಂಡೆ. ಅವ್ವ ಹೇಳುತ್ತಿದ್ದುದು ಖರೇ. ಭಾಳ ಚಲೋ ಆಗಿದ್ದವು.