ಒಂದು ಸಾಲನ್ನೂ ಅಳಿಸದ ಅಕ್ಕ

ಬೆಳಗಿನ ಆರೂಕಾಲು. ಗ್ರಂಥಾಲಯದ ವಾಚ್‌ಮನ್ ಇನ್ನೂ ಮುಂದಿನ ಗೇಟಿನ ಬೀಗದೊಂದಿಗೆ ಗುದ್ದಾಡುತ್ತಿದ್ದಾನೆ. ಅಷ್ಟರಲ್ಲೇ ಪಕ್ಕದ ಸಣ್ಣ ಬಾಗಿಲಿನಿಂದ ಒಳಬಂದ ಹೆಂಗಸೊಬ್ಬರು ಎರಡು ಮಹಡಿ ಹತ್ತಿ, ಕೊನೆಯ ಮೆಟ್ಟಿಲಲ್ಲಿ ಒಂದು ಕ್ಷಣ ನಿಂತು ಮೊಣಕಾಲಿಗೆ ಸಮಾಧಾನ ಹೇಳಿ, ಮೂಲೆಯ ಕೋಣೆಯ ದೀಪ ಹಾಕುತ್ತಾರೆ. ಹಿಂದೆ ಇದು ಪೊರಕೆ, ಬಕೆಟ್ಟು ಇಡುತ್ತಿದ್ದ ಕೋಣೆ. ಈಗ ಇಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಕಬ್ಬಿಣದ ಬೀರು ಮತ್ತು ಗೊರಕೆ ಹೊಡೆದ ಹಾಗೆ ಸದ್ದು ಮಾಡುವ ಹಳೆಯ ಸರ್ವರ್ ಇದೆ. ಅದರ ಪಕ್ಕದಲ್ಲಿ ಹೊಸ ಸರ್ವರೊಂದು ಇದೆಯೋ ಇಲ್ಲವೋ ಎಂಬಂತೆ ತೆಪ್ಪಗೆ ಕೂತಿದೆ. ಅವರು ಕೀಬೋರ್ಡಿನ ಬಟ್ಟೆಯ ಗವಸು ತೆಗೆದು ನಾಲ್ಕು ಮಡಿಕೆ ಮಾಡಿ ಇಡುತ್ತಾರೆ, ಕನ್ನಡಕ ಏರಿಸುತ್ತಾರೆ, ಪರದೆ ನೋಡುತ್ತಾರೆ. ಪರದೆ ಬೆಳ್ಳಗಿದೆ. ಹೆಸರಿಗೂ ಒಂದಕ್ಷರವಿಲ್ಲ.

"ಇನ್ನೂ ಮುನಿಸ್ಕೊಂಡೇ ಕೂತಿದೆ ನೋಡಿ," ಎನ್ನುತ್ತಾರೆ, ಊಟ ಬೇಡವೆಂದು ಹಟ ಹಿಡಿದ ಮಗುವಿನ ಬಗ್ಗೆ ಹೇಳುವ ಹಾಗೆ. "ಇವತ್ತಿಗೆ ಮೂರನೇ ದಿನ. ತಪ್ಪೇನು ಅಂತ ಬೈದಾದ್ರೂ ಹೇಳಿದ್ರೆ ತಿದ್ಬಹುದು. ಬಾಯೇ ಬಿಡಲ್ಲ ಅಂದ್ರೆ ನಾನೇನ್ ಮಾಡ್ಲಿ?"

ಐವತ್ತೇಳರ ಇವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಪಕ್ಕದ ರಕ್ತನಿಧಿಯವರಿಗೆ, ಎದುರು ಬೀದಿಯ ಶಾಲೆಯವರಿಗೆ, ಫುಟ್‌ಬಾಲ್ ಕ್ಲಬ್ಬಿನವರಿಗೆ ಇವರು 'ಬಿಳಿ ಪುಟದಕ್ಕ'. ಯಾರ ವೆಬ್‌ಸೈಟ್ ಬೆಳ್ಳಗಾದರೂ ಫೋನು ಬರುವುದು ಈ ಕೋಣೆಗೆ. ನಾವು ನೋಡುವ ಪುಟದ ಹಿಂದೆ, ಸರ್ವರಿನೊಳಗೆ, ಪಿಎಚ್‌ಪಿಯಂಥ ಭಾಷೆಯಲ್ಲಿ ಬರೆದ ಪುಟ್ಟ ಪುಟ್ಟ ಪ್ರೋಗ್ರಾಮುಗಳು ಓಡುತ್ತಿರುತ್ತವೆ. ಅವು ಹೇಗೆ ನಡೆದುಕೊಳ್ಳಬೇಕು, ಎಲ್ಲಿ ಕೈ ಹಾಕಬಹುದು, ಎಲ್ಲಿ ಕೂಡದು ಎಂಬುದೆಲ್ಲ ಒಂದು ಉದ್ದನೆಯ ಸೆಟ್ಟಿಂಗ್ ಫೈಲಿನಲ್ಲಿರುತ್ತದೆ. ಒಂದು ಸಾಲು ಹೆಚ್ಚುಕಮ್ಮಿಯಾದರೂ ಪುಟ ಮಂಗಮಾಯ. ಆ ಸಾಲನ್ನು ಹುಡುಕುವುದು ಅಕ್ಕನ ಕೆಲಸ. ಇಪ್ಪತ್ಮೂರು ವರ್ಷಗಳಿಂದ ಅದೇ ಕೆಲಸ.

ಊರಿನವರದ್ದೆಲ್ಲ ನೋಡಿದರೂ ಇವರ ಸ್ವಂತ ಮನೆಯೆಂದರೆ ಗ್ರಂಥಾಲಯದ ಧ್ವನಿ ವಿಭಾಗ. ಕಣ್ಣು ಕಾಣದವರಿಗಾಗಿ ಓದಿ ಧ್ವನಿಮುದ್ರಿಸಿದ ಎರಡು ಸಾವಿರದ ಮುನ್ನೂರ ಹದಿನಾರು ಪುಸ್ತಕಗಳು ಇಲ್ಲಿವೆ. ಕೇಳುಗರು ನಾನೂರ ಹನ್ನೆರಡು ಮಂದಿ. ಪ್ರತಿಯೊಬ್ಬರಿಗೂ ಒಂದು ನಂಬರ್. ನಂಬರ್ ಒತ್ತಿದರೆ ಸಾಕು, ನಿನ್ನೆ ಯಾವ ಪುಸ್ತಕದ ಯಾವ ಅಧ್ಯಾಯದಲ್ಲಿ, ಎಷ್ಟನೇ ನಿಮಿಷಕ್ಕೆ ನಿಲ್ಲಿಸಿದ್ದರೋ ಅಲ್ಲಿಂದಲೇ ಧ್ವನಿ ಮುಂದುವರಿಯುತ್ತದೆ. ಇದನ್ನು ಇಲ್ಲಿಯವರು 'ನಿಂತ ಜಾಗ' ಎನ್ನುತ್ತಾರೆ. ಪುಸ್ತಕದಲ್ಲಿ ನಾವು ಪುಟದ ಮೂಲೆ ಮಡಚಿ ಗುರುತು ಮಾಡುತ್ತೇವಲ್ಲ, ಅದೇ.

ಈಗ ಕುತ್ತು ಬಂದಿರುವುದು ಈ ನಿಂತ ಜಾಗಗಳಿಗೇ. ಕೇಳುಗರನ್ನೆಲ್ಲ ಮೊನ್ನೆಯೇ ಹೊಸ ಸರ್ವರಿಗೆ ತಿರುಗಿಸಿ ಆಗಿದೆ. ಹಳೆಯದನ್ನು ಇವತ್ತು ಸಂಜೆ ನಾಲ್ಕಕ್ಕೆ ಆಫ್ ಮಾಡಬೇಕು. ಅಷ್ಟರೊಳಗೆ ಹೊಸದರಲ್ಲಿ ಪುಟ ತೆರೆಯದಿದ್ದರೆ ಧ್ವನಿಮುದ್ರಣಗಳನ್ನು ಬೇರೊಂದು ಸಿದ್ಧ ವೆಬ್‌ಸೈಟಿಗೆ ಕೊಟ್ಟುಬಿಡುವುದೆಂದು ಗ್ರಂಥಾಲಯ ಸಮಿತಿ ತೀರ್ಮಾನಿಸಿದೆ. ಪುಸ್ತಕಗಳು ಎಲ್ಲಿಗೂ ಹೋಗುವುದಿಲ್ಲ. ಆದರೆ ನಿಂತ ಜಾಗಗಳನ್ನು ಆ ಸೈಟು ತೆಗೆದುಕೊಳ್ಳುವುದಿಲ್ಲ. ನಾನೂರ ಹನ್ನೆರಡು ಮಂದಿಯೂ ಮೊದಲ ಪುಟದಿಂದ ಶುರು ಮಾಡಬೇಕು.

"ಅದರಲ್ಲೇನಿದೆ ಅಂತ ಕೇಳ್ತಾರೆ," ಎನ್ನುತ್ತಾರೆ ಅಕ್ಕ. "ಎಂಬತ್ತು ದಾಟಿದವ್ರಿಗೆ ಮತ್ತೆ ಮೊದ್ಲಿಂದ ಶುರು ಮಾಡಿ ಅನ್ನೋಕೆ ನಂಗಂತೂ ಬಾಯಿ ಬರಲ್ಲ."

ಹೊಸ ಸರ್ವರಿಗೆ ಬೆನ್ನು ಹಾಕಿ ಅವರು ಹಳೆಯದರ ಸೆಟ್ಟಿಂಗ್ ಫೈಲ್ ತೆರೆಯುತ್ತಾರೆ. ಸಾವಿರದ ಎಂಟುನೂರು ಚಿಲ್ಲರೆ ಸಾಲು. ತೆರೆದವರೇ ಗಟ್ಟಿಯಾಗಿ ಓದತೊಡಗುತ್ತಾರೆ. ಹೌದು, ಬಾಯಿಬಿಟ್ಟು, ಪಾಠ ಒಪ್ಪಿಸುವ ಹಾಗೆ. ಗೊತ್ತಿಲ್ಲದವರು ಹೊರಗೆ ನಿಂತು ಕೇಳಿದರೆ ಒಳಗೆ ಯಾವುದೋ ಮಂತ್ರ ನಡೆದಿದೆ ಎಂದುಕೊಂಡಾರು. ಈ ಅಭ್ಯಾಸ ಹತ್ತಿದ್ದು ಎರಡನೆಯ ಕುರ್ಚಿಯಿಂದ.

ಆ ಕುರ್ಚಿ ಗಣಿತದ ಮೇಷ್ಟ್ರದ್ದು. ನಲವತ್ತರ ಹೊತ್ತಿಗೆ ದೃಷ್ಟಿ ಕಳೆದುಕೊಂಡು, ಶಾಲೆ ಬಿಟ್ಟು, ಪರದೆಯನ್ನು ಓದಿ ಹೇಳುವ ಸಾಫ್ಟ್‌ವೇರಿನ ಸಹಾಯದಿಂದ ಈ ಧ್ವನಿ ಗ್ರಂಥಾಲಯ ಕಟ್ಟಿದವರು. ಅಕ್ಕ ಆಗ ಕೆಲಸ ಕಳೆದುಕೊಂಡ ಟೈಪಿಸ್ಟ್. ಟೈಪ್‌ರೈಟರುಗಳು ಮೂಲೆ ಸೇರಿದ ಕಾಲ ಅದು. ಪುಸ್ತಕದ ಪಟ್ಟಿ ಟೈಪ್ ಮಾಡಲು ಮೂರು ತಿಂಗಳ ಮಟ್ಟಿಗೆ ಬಂದವರು ಇಲ್ಲೇ ಬೇರುಬಿಟ್ಟರು. ಸಾಫ್ಟ್‌ವೇರ್ ಕೈಕೊಟ್ಟಾಗಲೆಲ್ಲ ಮೇಷ್ಟ್ರು, "ಓದಮ್ಮಾ," ಎನ್ನುತ್ತಿದ್ದರು. ಅಕ್ಕ ಅರ್ಥವಾಗದ ಇಂಗ್ಲಿಷ್ ಸಾಲುಗಳನ್ನು ಅಕ್ಷರ ಅಕ್ಷರ ಬಿಡಿಸಿ ಓದುತ್ತಿದ್ದರು. ಮೇಷ್ಟ್ರು ಕಣ್ಣು ಮುಚ್ಚಿ ಕೇಳುತ್ತ, ಥಟ್ಟನೆ, "ನಿಲ್ಲು, ಅದೇ!" ಎನ್ನುತ್ತಿದ್ದರು.

"ಒಂದ್ಸಲ ಹೀಗೇ ಬಿಳಿ ಪುಟ. ಎರಡು ದಿನ ತಲೆ ಕೆಡಿಸ್ಕೊಂಡಿದ್ವಿ," ಎಂದು ನೆನೆಯುವಾಗ ಅಕ್ಕನ ಮುಖ ಅರಳುತ್ತದೆ. "ಮೊದಲ್ನೇ ಪದಕ್ಕಿಂತ ಮುಂಚೆ ಏನಿದೆಯಮ್ಮಾ ಅಂದ್ರು. ಏನಿಲ್ಲ ಸರ್, ಒಂದು ಸಾಲು ಬರೀ ಖಾಲಿ ಅಂದೆ. ಆ ಖಾಲಿನೇ ಕಣಮ್ಮಾ ಕಳ್ಳ ಅಂದ್ಬಿಟ್ರು! ಅಳಿಸ್ದೆ, ಪುಟ ಬಂತು. ಇಬ್ರೂ ಚಿಕ್ಕ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದ್ವಿ. ನಾನು ಆವತ್ತು ಈ ಕೆಲಸಕ್ಕೆ ಮರುಳಾದೆ."

ಪ್ರೋಗ್ರಾಮಿನಲ್ಲಿ ಅಳಿಸಿದ್ದು ಆ ಒಂದು ಖಾಲಿ ಸಾಲು. ಸೆಟ್ಟಿಂಗ್ ಫೈಲಿನಲ್ಲಿ ಮಾತ್ರ ಮೇಷ್ಟ್ರ ಕಟ್ಟುನಿಟ್ಟು ಬೇರೆ: ಏನನ್ನೂ ಅಳಿಸಕೂಡದು. ಬೇಡವಾದ ಸಾಲಿನ ಮುಂದೆ ಒಂದು ಅರ್ಧವಿರಾಮ ಚಿಹ್ನೆ ಹಾಕಿದರೆ ಯಂತ್ರ ಅದನ್ನು ಓದದೆ ದಾಟಿಹೋಗುತ್ತದೆ. ಇದಕ್ಕೆ ಅವರಿಬ್ಬರ ಭಾಷೆಯಲ್ಲಿ ಸಾಲನ್ನು 'ಮಲಗಿಸುವುದು' ಎಂದು ಹೆಸರು. ಮಲಗಿಸಿದ ಸಾಲಿನ ಪಕ್ಕದಲ್ಲಿ ತಾರೀಕು, ಕಾರಣ ಬರೆಯಬೇಕು. ಹಾಗಾಗಿ ಹಳೆಯ ಫೈಲನ್ನು ಓದುತ್ತ ಹೋದರೆ ಒಂದು ಮನೆಯ ಚರಿತ್ರೆ ಓದಿದಂತಾಗುತ್ತದೆ. 'ದೊಡ್ಡ ಪುಸ್ತಕ ಬಂತು, ಮಿತಿ ಏರಿಸಿದೆ.' 'ಇವತ್ತು ಜ್ವರ ಇತ್ತು, ನಾಳೆ ಇನ್ನೊಮ್ಮೆ ನೋಡಬೇಕು.' 'ಮಗಳು ಹುಟ್ಟಿದಳು, ಹದಿನೈದು ದಿನ ಮೇಷ್ಟ್ರೇ ನೋಡಿಕೊಂಡರು.' ಇಂಥವು ಮುನ್ನೂರಕ್ಕೂ ಹೆಚ್ಚಿವೆ. ಅಕ್ಕ ಓದುತ್ತ ಓದುತ್ತ ಒಂದೆರಡು ಕಡೆ ನಕ್ಕು, ಒಂದು ಕಡೆ ಕನ್ನಡಕ ಒರೆಸಿಕೊಳ್ಳುತ್ತಾರೆ.

ಈ ಚಾಳಿ ಮನೆಗೂ ಅಂಟಿದೆ. "ಅಮ್ಮ ಏನನ್ನೂ ಎಸೆಯಲ್ಲ, ಚೀಟಿ ಅಂಟಿಸ್ತಾಳೆ," ಎಂದು ನರ್ಸಿಂಗ್ ಓದುತ್ತಿರುವ ಮಗಳು ಫೋನಿನಲ್ಲಿ ನಗುತ್ತಾಳೆ. "ಅಡುಗೆಮನೇಲಿ ಮಿಕ್ಸಿ ಮೇಲೆ 'ಎರಡು ಸಲ ಒತ್ತಿ' ಅಂತ ಚೀಟಿ ಇದೆ. ಅಪ್ಪನ ಹಳೇ ಕೊಡೆಗೂ ಒಂದಿದೆ, 'ಗಾಳಿಗೆ ಬೇಡ, ಮಳೆಗೆ ಪರವಾಗಿಲ್ಲ' ಅಂತ. ಅಪ್ಪ ಹೇಳ್ತಾರೆ, ನಂಗೂ ಒಂದಿನ ಅರ್ಧವಿರಾಮ ಹಾಕಿ ಮಲಗಿಸ್ಬಿಡ್ತಾಳೆ ಅಂತ."

ಮೇಷ್ಟ್ರು ತೀರಿಕೊಂಡು ಆರು ವರ್ಷ. ಕೊನೆಯವರೆಗೂ ಅವರು ಇಲ್ಲಿಯ ಕೇಳುಗರೂ ಆಗಿದ್ದರು. ನಾನೂರ ಹನ್ನೆರಡರಲ್ಲಿ ಒಂದನೇ ನಂಬರ್ ಅವರದ್ದೇ. ಒಂದು ದೀರ್ಘ ಸಮುದ್ರಯಾನದ ಕಥೆಯನ್ನು ಹದಿನಾಲ್ಕನೇ ಅಧ್ಯಾಯದ ಇಪ್ಪತ್ತೆರಡನೇ ನಿಮಿಷಕ್ಕೆ ನಿಲ್ಲಿಸಿ ಆಸ್ಪತ್ರೆಗೆ ಹೋದವರು ಮತ್ತೆ ಬರಲಿಲ್ಲ. ಆ ನಿಂತ ಜಾಗವನ್ನು ಅಕ್ಕ ಹಾಗೇ ಉಳಿಸಿದ್ದಾರೆ. ಒಮ್ಮೆಯೂ ಒತ್ತಿ ಕೇಳಿಲ್ಲ, ಒತ್ತಿದರೆ ಜಾಗ ಮುಂದಕ್ಕೆ ಸರಿಯುತ್ತದಲ್ಲ. ಸಿದ್ಧ ವೆಬ್‌ಸೈಟಿಗೆ ಹೋದರೆ ಉಳಿದೆಲ್ಲರ ಜೊತೆ ಅದೂ ಅಳಿದುಹೋಗುತ್ತದೆ. ಮೂರು ದಿನದಿಂದ ಅಕ್ಕನಿಗೆ ಅನ್ನ ಸೇರದಿರುವುದು ಇದಕ್ಕೇ. ಬಾಯಿಬಿಟ್ಟು ಹೇಳಲು ಮಾತ್ರ ಸಂಕೋಚ.

ಫೈಲು ಅರ್ಧ ಓದುವಷ್ಟರಲ್ಲಿ, ಏಳೂವರೆಗೆ, ದಿನದ ಮೊದಲ ಫೋನು. ದಿನಕ್ಕೆ ಮೂವತ್ತು ಕರೆ ಬರುತ್ತವೆ. ಮೊದಲನೆಯದು ಯಾವಾಗಲೂ ದರ್ಜಿ ಅಜ್ಜನದ್ದು. ಎಂಬತ್ನಾಲ್ಕು ವರ್ಷ. ಎಲ್ಲರಿಗೂ ಅಜ್ಜ, ಐವತ್ತೇಳರ ಅಕ್ಕನಿಗೂ ಅಜ್ಜ. ಕಣ್ಣು ಹೋದ ಮೇಲೂ ಬೆರಳಲ್ಲೇ ಅಳೆದು ಆ ಕೀಬೋರ್ಡಿನ ಗವಸು ಹೊಲಿದುಕೊಟ್ಟವರು ಇವರೇ.

"ಏನಮ್ಮಾ, ನನ್ ಕಥೆ ಇವತ್ತಾದ್ರೂ ಉಂಟೋ?"

"ಇಲ್ಲ ಅಜ್ಜ. ಕೈ ಮುಗಿದ್ರೂ ಕೇಳ್ತಿಲ್ಲ."

"ಹನ್ನೊಂದನೇ ಅಧ್ಯಾಯದಲ್ಲಿದ್ದೆ ಕಣಮ್ಮಾ. ಆ ಹೆಂಗ್ಸು ಬಾಗಿಲು ತೆಗೀತಾಳೋ ಇಲ್ವೋ ಅಂತ ನಂಗೆ ನಿದ್ದೆನೇ ಇಲ್ಲ."

ಅಕ್ಕ ಕಷ್ಟ ತೋಡಿಕೊಳ್ಳುತ್ತಾರೆ. ಸರ್ವರಿನ ಕಪ್ಪು ಕಿಟಕಿಯಲ್ಲಿ ಕಮಾಂಡ್ ಕೊಟ್ಟು ಓಡಿಸಿದರೆ ಪ್ರೋಗ್ರಾಮು ಚಿನ್ನದಂತೆ ಓಡುತ್ತದೆ. ಬ್ರೌಸರಿನಲ್ಲಿ ಅದೇ ಪ್ರೋಗ್ರಾಮು ಬಿಳಿ. 'ತಪ್ಪೇನಿದ್ದರೂ ಪರದೆಯ ಮೇಲೆ ತೋರಿಸು' ಎಂಬ ಸಾಲನ್ನು ಎಬ್ಬಿಸಿ ಎರಡು ದಿನವಾಯಿತು, ಒಂದು ತಪ್ಪನ್ನೂ ತೋರಿಸುತ್ತಿಲ್ಲ. ಅಜ್ಜ, "ನಂಗೇನೂ ತಿಳಿಯಲ್ಲ. ಮೇಷ್ಟ್ರಿಗೆ ಓದ್ತಿದ್ದ ಹಾಗೆ ನಂಗೂ ಓದಮ್ಮಾ," ಎನ್ನುತ್ತಾರೆ.

ಅಕ್ಕ ನಗುತ್ತಾರೆ. ಆದರೂ ಓದುತ್ತಾರೆ. ಮೊದಲು ಕಪ್ಪು ಕಿಟಕಿಗೆ, ನೀನು ಯಾವ ಸೆಟ್ಟಿಂಗ್ ಫೈಲ್ ಓದುತ್ತಿದ್ದೀಯ ಎಂದು ಕೇಳಿ, ಬಂದ ವಿಳಾಸವನ್ನು ಒಪ್ಪಿಸುತ್ತಾರೆ: "ಇಟಿಸಿ, ಪಿಎಚ್‌ಪಿ, ಎಂಟು, ಸಿಎಲ್‌ಐ." ಆಮೇಲೆ ಬ್ರೌಸರಿನಲ್ಲಿ ಪರೀಕ್ಷೆಯ ಪುಟವೊಂದನ್ನು ತೆರೆದು ಅದು ಹೇಳುವ ವಿಳಾಸವನ್ನೂ ಓದುತ್ತಾರೆ: "ಇಟಿಸಿ, ಪಿಎಚ್‌ಪಿ, ಎಂಟು, ಎಫ್‌ಪಿಎಂ. ಹೂಂ, ಅದೇ."

"ಅದೇ ಎಲ್ಲಮ್ಮಾ? ಕೊನೇದು ಬೇರೆ ಬಂತಲ್ಲ."

ಅಕ್ಕ ಬೆಪ್ಪಾಗುತ್ತಾರೆ. ಮತ್ತೊಮ್ಮೆ ಓದುತ್ತಾರೆ. ಆಮೇಲೆ ಹಣೆ ಹಣೆ ಚಚ್ಚಿಕೊಂಡು ನಗತೊಡಗುತ್ತಾರೆ. ಹೊಸ ಸರ್ವರಿನಲ್ಲಿ ಸೆಟ್ಟಿಂಗ್ ಫೈಲ್ ಒಂದಲ್ಲ, ಎರಡು. ಕಪ್ಪು ಕಿಟಕಿಗೊಂದು, ಬ್ರೌಸರಿಗೆ ಪುಟ ಕಳಿಸಲು ಇನ್ನೊಂದು. ಎರಡು ದಿನ ಅವರು ತಿದ್ದಿದ್ದು ಮೊದಲನೆಯದನ್ನು. ಯಾರು ಫೋನು ಮಾಡಿದರೂ ಅಕ್ಕ ಕೇಳುವ ಮೊದಲ ಪ್ರಶ್ನೆಯೇ, "ಸರಿಯಾದ ಫೈಲ್ ತಿದ್ತಿದ್ದೀರಾ?" ಎಂಬುದು. ಊರಿಗೆಲ್ಲ ಪಾಠ ಹೇಳಿ ತಾವೇ ಹಳ್ಳಕ್ಕೆ ಬಿದ್ದಿದ್ದಾರೆ. "ಹೊಸ ಯಂತ್ರದ ಮುಂದೆ ನಾಚಿಕೆ ಆಗಿ ಗಟ್ಟಿಯಾಗಿ ಓದೋದೇ ಬಿಟ್ಟಿದ್ದೆ," ಎಂದು ಒಪ್ಪಿಕೊಳ್ಳುತ್ತಾರೆ. "ಅದನ್ನ ಜೋಡಿಸೋಕೆ ಬಂದ ಇಂಜಿನಿಯರುಗಳು ಮುಸಿಮುಸಿ ನಗ್ತಿದ್ರು."

ಸರಿಯಾದ ಫೈಲಿನಲ್ಲಿ ಆ ಸಾಲನ್ನು ಎಬ್ಬಿಸಿ, ಸೇವೆಯನ್ನು ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಿದ ಮೇಲೆ ಸರ್ವರ್ ಕೊನೆಗೂ ಬಾಯಿ ಬಿಡುತ್ತದೆ. ನಿಂತ ಜಾಗಗಳಿರುವ ಫೋಲ್ಡರಿಗೆ ಕೈ ಹಾಕಲು ತನಗೆ ಅನುಮತಿಯಿಲ್ಲ ಎಂಬುದು ಅದರ ದೂರು. ಅಕ್ಕ ತಟ್ಟನೆ ಹಳೆಯ ಫೈಲಿಗೆ ಹೋಗುತ್ತಾರೆ. ಅನುಮತಿಯ ಸಾಲು ಅಲ್ಲೇ ಇದೆ, ಮೇಲೊಂದು ಟಿಪ್ಪಣಿಯೂ ಇದೆ. ಮೇಷ್ಟ್ರು ಹೇಳಿ, ತಾವೇ ಟೈಪ್ ಮಾಡಿದ್ದು: 'ಕೇಳುಗರ ಜಾಗಗಳಿಗೆ ಇದೇ ಬಾಗಿಲು. ಮನೆ ಬದಲಾಯಿಸುವ ದಿನ ಮರೆಯಬೇಡ.'

ಮರೆತಿದ್ದರು. ಇಪ್ಪತ್ತೊಂದು ವರ್ಷ ಹಳೆಯ ಆ ತಾರೀಕಿನ ಮುಂದೆ ಅಕ್ಕ ಸ್ವಲ್ಪ ಹೊತ್ತು ಕೈಕಟ್ಟಿ ಕೂರುತ್ತಾರೆ. ಕಣ್ಣು ತುಂಬಿ ಬಂದದ್ದನ್ನು ಮುಚ್ಚಿಡುವುದಿಲ್ಲ. ಆಮೇಲೆ ಆ ಸಾಲನ್ನು ಹೊಸ ಫೈಲಿಗೆ ಸೇರಿಸಿ, ಟಿಪ್ಪಣಿಯನ್ನೂ ಜೊತೆಗೇ ಕರೆತಂದು, ಬ್ರೌಸರಿನಲ್ಲಿ ಇನ್ನೂರ ಆರನೇ ನಂಬರ್ ಒತ್ತುತ್ತಾರೆ. ಅದು ದರ್ಜಿ ಅಜ್ಜನದ್ದು. ಪುಟ ತೆರೆಯುತ್ತದೆ. ಹನ್ನೊಂದನೇ ಅಧ್ಯಾಯ, ಎಂಟನೇ ನಿಮಿಷ. ಫೋನನ್ನು ಸ್ಪೀಕರಿನ ಹತ್ತಿರ ಹಿಡಿಯುತ್ತಾರೆ. ಕಥೆಯ ಹೆಂಗಸು ಇನ್ನೂ ಬಾಗಿಲಿನ ಒಳಗೇ ನಿಂತಿದ್ದಾಳೆ.

"ಅದೇ ಅದೇ! ಇರು, ಮಾತಾಡ್ಬೇಡ," ಎನ್ನುತ್ತಾರೆ ಅಜ್ಜ. ಎರಡು ನಿಮಿಷ ಕೇಳಿ ಫೋನಿಟ್ಟುಬಿಡುತ್ತಾರೆ, ಥ್ಯಾಂಕ್ಸ್ ಹೇಳುವುದನ್ನೂ ಮರೆತು. ಇನ್ನು ತಮ್ಮ ಯಂತ್ರದಲ್ಲೇ ಕೇಳಬಹುದಲ್ಲ.

ಹತ್ತು ಗಂಟೆಗೆ ಸಮಿತಿಯ ಅಧ್ಯಕ್ಷರು ಬಂದು ನೋಡಿ, "ಸದ್ಯ!" ಎಂದು ಉಸಿರು ಬಿಟ್ಟು ಹೋಗುತ್ತಾರೆ. ನಾಳೆ ಇದು ಯಾರಿಗೂ ಸುದ್ದಿಯಲ್ಲ. ಪುಟ ತೆರೆದರೆ ತೆರೆದವರ ನೆನಪು ಯಾರಿಗೂ ಬರುವುದಿಲ್ಲವೆಂದು ಅಕ್ಕನಿಗೆ ಗೊತ್ತು, ಅದರ ಬಗ್ಗೆ ದೂರೂ ಇಲ್ಲ. "ನಂಗೊಂದೇ ಆಸೆ," ಎನ್ನುತ್ತಾರೆ. "ನನ್ನ ನಂತರ ಈ ಕುರ್ಚಿಗೆ ಬರೋರು ಗಟ್ಟಿಯಾಗಿ ಓದ್ಲಿ. ಕೇಳೋಕೆ ಯಾರೂ ಇಲ್ದಿದ್ರೂ ಓದ್ಲಿ."

ನಾಲ್ಕಕ್ಕೆ ಹಳೆಯ ಸರ್ವರ್ ಆರುತ್ತದೆ. ಇಪ್ಪತ್ತೊಂದು ವರ್ಷದ ಗೊರಕೆ ನಿಂತು ಕೋಣೆ ಭಣಗುಟ್ಟುತ್ತದೆ. ಅಕ್ಕ ಹೊಸ ಫೈಲಿನ ತಳಕ್ಕೆ ಹೋಗಿ, ಅರ್ಧವಿರಾಮ ಹಾಕಿ, ಟೈಪ್ ಮಾಡುತ್ತ ಓದುತ್ತಾರೆ: 'ಎರಡು ದಿನ ತಪ್ಪು ಫೈಲ್ ತಿದ್ದಿದೆ. ತಪ್ಪು ನನ್ನದು. ಹಿಡಿದುಕೊಟ್ಟವರು ದರ್ಜಿ ಅಜ್ಜ.' ಎರಡನೆಯ ಕುರ್ಚಿಯ ಕಡೆ ಒಮ್ಮೆ ತಿರುಗಿ, ಇನ್ನೊಂದು ಅರ್ಧವಿರಾಮ ಹಾಕುತ್ತಾರೆ. ಈ ಸಲ ದನಿ ತಗ್ಗಿದೆ, ಆದರೂ ಕೇಳುತ್ತದೆ.

'ಒಂದನೇ ನಂಬರಿನ ಕೇಳುಗರು ಸದ್ಯಕ್ಕೆ ನಿಲ್ಲಿಸಿದ್ದಾರೆ. ಜಾಗ ಅಳಿಸಬೇಡಿ.'